ಅಪ್‌ಡೇಟ್ ಮಾಡಿದ ಕೂಡಲೇ ಮಾವನ ಪದಪಟ್ಟಿ ಮಾಯ. ಡೆಬ್ ಪ್ಯಾಕೇಜಿನಲ್ಲಿ ಬಳಕೆದಾರರ ಸೆಟ್ಟಿಂಗ್ಸ್ ಎಲ್ಲಿಡಬೇಕು?

ಸಾಗರದ_ಅಳಿಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಬಿಕಾಂ. ಪೈಥಾನ್ ಕಲಿತದ್ದು 2020ರ ಲಾಕ್‌ಡೌನ್‌ನಲ್ಲಿ, ಮನೆಯಲ್ಲಿ ಸುಮ್ನೆ ಕೂರಲಾಗದೆ. ಪ್ರಶ್ನೆ ಬಾಲಿಶ ಅನ್ನಿಸಿದರೆ ನಗಿ, ಆದರೆ ಉತ್ತರ ಕೊಟ್ಟು ನಗಿ.

ಸಾಗರದಲ್ಲಿ ನಮ್ಮ ಸೋದರಮಾವನದ್ದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ, ಇಂಥವೇ. ಹಳೆಯ ಕೆಲಸವೆಲ್ಲ ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿ ಪೇಜ್‌ಮೇಕರ್ ಫೈಲುಗಳಲ್ಲಿ ಕೂತಿದೆ. ಈಗ ಗಿರಾಕಿಗಳು "ಅದೇ ಮ್ಯಾಟರ್ ವಾಟ್ಸಾಪ್‌ಗೂ ಹಾಕಿ" ಅನ್ನುತ್ತಾರೆ. ಅಲ್ಲಿಗೆ ಯೂನಿಕೋಡ್ ಬೇಕು. ಅದಕ್ಕೆ ನಾನೊಂದು ಪರಿವರ್ತಕ ಬರೆದೆ. ಮಾವನ ಎರಡನೇ ಕಂಪ್ಯೂಟರಿನಲ್ಲಿ ಉಬುಂಟು 22.04 ಲಿನಕ್ಸ್ ಇದೆ. ಪ್ರತಿ ಸಲ ಫೈಲು ಕಾಪಿ ಮಾಡುವುದು ಬೇಡ ಎಂದು ಡೆಬ್ ಪ್ಯಾಕೇಜ್ (ಉಬುಂಟುವಿನಲ್ಲಿ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡುವ ಕಟ್ಟು) ಮಾಡಿ ಕೊಟ್ಟೆ.

ತೊಂದರೆ ಇರುವುದು ಇಂಗ್ಲಿಷ್ ಪದಗಳಲ್ಲಿ. ನುಡಿ ಆಸ್ಕಿಯಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಅಕ್ಷರ ಕೂತಿರುತ್ತದೆ. ಫಾಂಟಿನ ಮಾಹಿತಿ ಕಳಚಿ ಬರೀ ಪಠ್ಯ ಉಳಿದರೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ವರನ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಬಿಇ ಎಂದಿದ್ದರೆ ಅದು "ಃಇ" ಆಗುತ್ತದೆ. ವಧುವಿನ ಎಂಸಿಎ "ಒಅಂ" ಆಗುತ್ತದೆ. ಲಗ್ನಪತ್ರಿಕೆಯಲ್ಲಿ ಡಿಗ್ರಿ ತಪ್ಪಿದರೆ ಬೀಗರ ಮನೆಯಲ್ಲಿ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ ಅಲ್ವಾ.

ಅದಕ್ಕೆ "ಇವನ್ನು ಮುಟ್ಟಬೇಡ" ಎಂಬ ಒಂದು ಪಟ್ಟಿ ಇಟ್ಟಿದ್ದೇನೆ. ಮಾವ ತಪ್ಪು ಕಂಡಾಗೆಲ್ಲ ಒಂದು ಬಟನ್ ಒತ್ತಿ ಪದ ಸೇರಿಸುತ್ತಾರೆ. ಇದರ ಜೊತೆ ಎರಡು ಮೂರು ಸೆಟ್ಟಿಂಗ್ ಇವೆ: ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ, ತೋರಿಸುವ ಫಾಂಟ್ ಗುಬ್ಬಿಯೋ ನವಿಲೋ, ಅಷ್ಟೇ.

ಇವನ್ನೆಲ್ಲ ಎಲ್ಲಿಡಬೇಕು ಎಂಬುದೇ ನನ್ನ ಗೋಳು. ಮೂರು ಸಲ ಎಡವಿದ್ದೇನೆ.

ಮೊದಲ ಸಲ /ಯುಎಸ್‌ಆರ್/ಶೇರ್ ಒಳಗೆ, ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟೆ. ಮುಂದಿನ ಅಪ್‌ಡೇಟ್‌ಗೆ ಪಟ್ಟಿ ಹೋಯಿತು. ಆಗ ಐವತ್ತು ಪದ ಇದ್ದಿರಬಹುದು, ಮಾವ ಬೈಯಲಿಲ್ಲ.

ಎರಡನೇ ಸಲ /ಎಟ್ಸಿ/ಪರಿವರ್ತಕ ಎಂಬ ಫೋಲ್ಡರ್ ಮಾಡಿ ಅಲ್ಲಿಟ್ಟೆ. ಮಾವನಿಗೆ ಬರೆಯಲು ಬರಲಿ ಎಂದು ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟೆ. ಮೂರು ಅಪ್‌ಡೇಟ್ ಚೆನ್ನಾಗಿ ನಡೆಯಿತು. ನಾಲ್ಕನೆಯದಕ್ಕೆ ಟರ್ಮಿನಲ್ ಏನೋ ಇಂಗ್ಲಿಷಿನಲ್ಲಿ ಕೇಳಿತಂತೆ, "ಪ್ಯಾಕೇಜ್ ಮೇಂಟೈನರ್ ಕೊಟ್ಟಿದ್ದನ್ನು ಹಾಕಲೇ" ಅಂತ. ಮೇಂಟೈನರ್ ಅಂದರೆ ನಾನೇ ತಾನೇ. "ಅಳಿಯ ಮಾಡಿದ್ದು, ಚೆನ್ನಾಗೇ ಇರುತ್ತೆ" ಎಂದು ವೈ ಒತ್ತಿದ್ದಾರೆ. ಎರಡು ವರ್ಷದ ಪಟ್ಟಿ ಮಾಯ. ಈ ಸಲವೂ ಬೈಯಲಿಲ್ಲ, ಮಾತೇ ಆಡಲಿಲ್ಲ. ಅದು ಇನ್ನೂ ಕಷ್ಟ.

ಮೂರನೆಯದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಮಾಡಿ ನೋಡಿದೆ. ಪ್ಯಾಕೇಜಿನ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲೇ (ಇನ್‌ಸ್ಟಾಲ್ ಕೊನೆಗೆ ತಾನಾಗಿ ಓಡುವಂಥದ್ದು) ಹೋಮ್, ಅಂದರೆ ಬಳಕೆದಾರರ ಸ್ವಂತ ಫೋಲ್ಡರ್, ಒಳಗಿನ .ಕಾನ್ಫಿಗ್ ಫೋಲ್ಡರಿನಲ್ಲಿ ಫೈಲು ಮಾಡು ಎಂದೆ. ಫೈಲು ಆಯಿತು, ಆದರೆ ರೂಟ್‌ನ, ಅಂದರೆ ಯಂತ್ರದ ಅಧಿಕಾರವೆಲ್ಲ ಇರುವ ಅಕೌಂಟಿನ, ಹೋಮ್‌ನಲ್ಲಿ! ನನ್ನದರಲ್ಲಿ ಏನೂ ಇಲ್ಲ.

ಹಾಗಾದರೆ ಸರಿಯಾದ ಜಾಗ ಯಾವುದು? ಮತ್ತೆ, ಮೂರು ಅಪ್‌ಡೇಟ್‌ಗೆ ಕೇಳದ ಪ್ರಶ್ನೆಯನ್ನು ನಾಲ್ಕನೆಯದಕ್ಕೆ ಯಾಕೆ ಕೇಳಿತು?

ಬೆಂದಕಾಳು_ಕೋಡರ್:

ಸಿಂಪಲ್ ಗುರು. ಪೋಸ್ಟ್‌ಇನ್‌ಸ್ಟ್‌ನಲ್ಲಿ /ಹೋಮ್ ಒಳಗಿನ ಎಲ್ಲ ಫೋಲ್ಡರಿಗೂ ಒಂದು ಲೂಪ್ ಹಾಕು, ಪ್ರತಿಯೊಬ್ಬರ .ಕಾನ್ಫಿಗ್ ಒಳಗೂ ಫೈಲು ಕಾಪಿ ಮಾಡು. ಐದು ಸಾಲಿನ ಕೆಲಸ. ನಾನು ಹೀಗೇ ಮಾಡುವುದು.

ಹಳೇ_ಟರ್ಮಿನಲ್:

ದಯವಿಟ್ಟು ಆ ಲೂಪ್ ಹಾಕಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ತುರ್ತಿನದ್ದು.

ಅಳಿಯಂದಿರೇ, ಮಾವನ ಕಂಪ್ಯೂಟರಿನಲ್ಲಿ ಆ ಪ್ಯಾಕೇಜನ್ನು ಪರ್ಜ್ ಮಾಡಬೇಡಿ. "ಒಮ್ಮೆ ಪೂರ್ತಿ ತೆಗೆದು ಹೊಸದಾಗಿ ಹಾಕೋಣ" ಎಂಬ ಯೋಚನೆ ಇದ್ದರೆ ಬಿಡಿ. /ಎಟ್ಸಿ/ಪರಿವರ್ತಕ ಫೋಲ್ಡರ್ ತೆರೆದು ನೋಡಿ. ನಿಮ್ಮ ಪಟ್ಟಿಯ ಹೆಸರಿನ ಕೊನೆಗೆ .ಡಿಪಿಕೆಜಿ-ಓಲ್ಡ್ ಎಂದು ಅಂಟಿಕೊಂಡ ಒಂದು ಫೈಲು ಇರಬೇಕು. ವೈ ಒತ್ತಿದಾಗ ಡಿಪಿಕೆಜಿ (ಡೆಬ್ ಹಾಕುವ, ತೆಗೆಯುವ ಪ್ರೋಗ್ರಾಮ್) ಹಳೆಯದನ್ನು ಎಸೆಯುವುದಿಲ್ಲ, ಹೀಗೆ ಹೆಸರು ಬದಲಿಸಿ ಪಕ್ಕಕ್ಕಿಡುತ್ತದೆ. ಪರ್ಜ್ ಮಾಡಿದರೆ ಮಾತ್ರ ಅದೂ ಹೋಗುತ್ತದೆ. ಈಗಲೇ ಹೋಗಿ ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ಓದಿ.

ನಾಲ್ಕನೇ ಸಲ ಯಾಕೆ ಕೇಳಿತು ಎಂದಿರಿ. ಪ್ಯಾಕೇಜಿನಿಂದ /ಎಟ್ಸಿ ಒಳಗೆ ಬಂದ ಫೈಲನ್ನು ಡೆಬಿಯನ್ (ಉಬುಂಟುವಿನ ಮೂಲ) ಲೋಕದಲ್ಲಿ ಕಾನ್ಫ್‌ಫೈಲ್ ಅನ್ನುತ್ತಾರೆ. ಪ್ಯಾಕೇಜ್ ಕಟ್ಟಲು ಡೆಬ್‌ಹೆಲ್ಪರ್ ಬಳಸಿದ್ದರೆ ಆ ಗುರುತು ತಾನಾಗಿಯೇ ಬೀಳುತ್ತದೆ. ಡಿಪಿಕೆಜಿ ಇಂಥ ಫೈಲಿನ ಎಂಡಿ5 ಮೊತ್ತವನ್ನು (ಒಳಗಿನದ್ದು ಬದಲಾದರೆ ಬದಲಾಗುವ ಗುರುತು) ಬರೆದಿಟ್ಟುಕೊಂಡಿರುತ್ತದೆ. ಅಪ್‌ಡೇಟ್ ಬಂದಾಗ ಮೂರನ್ನು ಹೋಲಿಸುತ್ತದೆ: ಹಿಂದೆ ಪ್ಯಾಕೇಜ್ ಕೊಟ್ಟದ್ದು, ಈಗ ಕೊಡುತ್ತಿರುವುದು, ಡಿಸ್ಕಿನಲ್ಲಿ ಇರುವುದು. ಮಾವ ಬದಲಿಸಿದ್ದಾರೆ, ನೀವು ಬದಲಿಸಿಲ್ಲ ಎಂದಾದರೆ ಮಾವನದ್ದನ್ನು ಸುಮ್ಮನೆ ಉಳಿಸಿಕೊಳ್ಳುತ್ತದೆ. ನೀವು ಬದಲಿಸಿದ್ದೀರಿ, ಮಾವ ಮುಟ್ಟಿಲ್ಲ ಎಂದಾದರೆ ನಿಮ್ಮದನ್ನು ಸುಮ್ಮನೆ ಹಾಕುತ್ತದೆ. ಇಬ್ಬರೂ ಕೈ ಹಾಕಿದ್ದರೆ ಮಾತ್ರ ಅದು ಜಗಳ ಬಿಡಿಸಲು ಹೋಗದೆ ಮನುಷ್ಯನನ್ನು ಕೇಳುತ್ತದೆ. ನಾಲ್ಕನೇ ಆವೃತ್ತಿಯಲ್ಲಿ ನಿಮ್ಮ ಮೂಲ ಪಟ್ಟಿಗೆ ನೀವೇ ಒಂದಷ್ಟು ಪದ ಸೇರಿಸಿದ್ದೀರಿ, ಹೌದು ತಾನೇ? ಬರೀ ಎಂಟರ್ ಒತ್ತಿದ್ದರೂ ಮಾವನ ಪಟ್ಟಿ ಉಳಿಯುತ್ತಿತ್ತು. ಪಾಪ, ನಿಮ್ಮ ಮೇಲಿನ ನಂಬಿಕೆಯೇ ಮುಳುವಾಯಿತು.

ಈಗ ಜಾಗದ ವಿಷಯ. ಯಾವ ಫೋಲ್ಡರ್ ಎಂದು ಕೇಳುವ ಮೊದಲು ಫೈಲು ಯಾರದ್ದು ಎಂದು ಕೇಳಿ. /ಯುಎಸ್‌ಆರ್ ಒಳಗಿನದ್ದು ಪ್ಯಾಕೇಜಿನದ್ದು. ಪ್ಯಾಕೇಜ್ ಅಲ್ಲಿಟ್ಟ ಫೈಲಿನಲ್ಲಿ ಯಾರು ಏನು ಬರೆದರೂ ಮುಂದಿನ ಅಪ್‌ಡೇಟ್ ಅದನ್ನು ಕೇಳದೆ ಅಳಿಸುತ್ತದೆ, ಅದು ಅದರ ಹಕ್ಕು. /ಎಟ್ಸಿ ಒಳಗಿನದ್ದು ಆ ಯಂತ್ರ ನೋಡಿಕೊಳ್ಳುವವರದ್ದು. ಹೋಮ್ ಒಳಗಿನದ್ದು ಆ ಬಳಕೆದಾರರದ್ದು. ನಿಮ್ಮ ತಪ್ಪು ಮೂರೂ ಸಲ ಒಂದೇ: ಮಾವನ ಫೈಲನ್ನು ಪ್ಯಾಕೇಜಿನ ಕೈಗೆ ಕೊಟ್ಟಿರಿ. ಮೂರನೇ ಸಲ ಜಾಗ ಬಹುಪಾಲು ಸರಿ ಇತ್ತು, ಕೈ ತಪ್ಪಿತ್ತು.

ಪ್ಯಾಕೇಜ್ ಯಾರ ಮನೆಯೊಳಗೂ ಕಾಲಿಡಬಾರದು. ಪೋಸ್ಟ್‌ಇನ್‌ಸ್ಟ್ ಓಡುವುದು ರೂಟ್ ಆಗಿ. ಉಬುಂಟುವಿನಲ್ಲಿ 19.10ರಿಂದ ಸುಡೋ (ರೂಟ್ ಆಗಿ ಓಡಿಸುವ ಆಜ್ಞೆ) ಹಾಕಿದರೆ ಹೋಮ್ ಕೂಡ ರೂಟ್‌ನದ್ದೇ ಆಗುತ್ತದೆ. ನಿಮ್ಮ ಫೈಲು ಅಲ್ಲಿ ಹುಟ್ಟಿದ್ದು ಅದಕ್ಕೇ. ಯಾರಿಗಾಗಿ ಇನ್‌ಸ್ಟಾಲ್ ಆಗುತ್ತಿದೆ ಎಂದು ಆ ಸ್ಕ್ರಿಪ್ಟಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ನಾಳೆ ಹೊಸದಾಗಿ ಸೇರುವ ಬಳಕೆದಾರರು ಇವತ್ತು ಇಲ್ಲವೇ ಇಲ್ಲ.

ಇನ್ನು ಆ ಲೂಪಿನ ಕಥೆ. ನಾನು ಮೊದಲು ಮೈಸೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಯಾರೋ ಮಾಡಿಕೊಟ್ಟ ಒಂದು ಪ್ಯಾಕೇಜ್ ಇದೇ ಕೆಲಸ ಮಾಡಿತು. ಆಗಷ್ಟೇ ಮಾಡಿದ ಹೊಸ ಅಕೌಂಟುಗಳಲ್ಲಿ .ಕಾನ್ಫಿಗ್ ಇನ್ನೂ ಹುಟ್ಟಿರಲಿಲ್ಲ. ಸ್ಕ್ರಿಪ್ಟ್ ಅದನ್ನು ತಾನೇ ಮಾಡಿತು, ರೂಟ್ ಹೆಸರಿನಲ್ಲಿ. ಮರುದಿನ ಬೆಳಿಗ್ಗೆ ಫಸ್ಟ್ ಇಯರ್ ಹುಡುಗರು ಬಂದು ಕೂತರೆ ಯಾವ ಪ್ರೋಗ್ರಾಮಿಗೂ ಸೆಟ್ಟಿಂಗ್ ಉಳಿಸಲು ಬರುತ್ತಿಲ್ಲ. ಅವರದೇ ಮನೆಯ ಕೋಣೆಗೆ ಬೇರೆಯವರ ಬೀಗ. ನೆಟ್‌ವರ್ಕ್ ಮೇಲಿನ ಹೋಮ್‌ಗಳಲ್ಲಿ ಇನ್ನೊಂದು ತಮಾಷೆ. ಅಲ್ಲಿ ರೂಟ್‌ಗೆ ಬರೆಯುವ ಹಕ್ಕೇ ಇರಲಿಲ್ಲ, ಹಾಗಾಗಿ ಸ್ಕ್ರಿಪ್ಟ್ ಅರ್ಧಕ್ಕೆ ಸತ್ತು ಪ್ಯಾಕೇಜ್ ಅರ್ಧ ಹಾಕಿದ ಸ್ಥಿತಿಯಲ್ಲಿ ನಿಂತಿತು. ಆ ದಿನ ಊಟಕ್ಕೆ ಹೋದದ್ದು ನಾಲ್ಕು ಗಂಟೆಗೆ.

ಹಾಗಾದರೆ ಫೈಲು ಯಾರು ಮಾಡಬೇಕು? ಪ್ರೋಗ್ರಾಮ್. ಅದು ಓಡುವಾಗ ಮಾವನ ಹೆಸರಿನಲ್ಲೇ ಓಡುತ್ತಿರುತ್ತದೆ, ಮಾವನ ಹೋಮ್ ಯಾವುದು ಎಂದು ಅದಕ್ಕೆ ಗೊತ್ತು. ಡೆಬಿಯನ್ ಪಾಲಿಸಿಯಲ್ಲೂ ಇದೇ ಮಾತಿದೆ: ಹೋಮ್‌ನಲ್ಲಿ ಒಂದು ಚುಕ್ಕೆ ಫೈಲು (ಹೆಸರು ಚುಕ್ಕೆಯಿಂದ ಶುರುವಾಗುವ ಸೆಟ್ಟಿಂಗ್ ಫೈಲು) ಇಲ್ಲದಿದ್ದರೆ ನೆಟ್ಟಗೆ ಓಡದ ಪ್ರೋಗ್ರಾಮ್ ಒಳ್ಳೆಯದಲ್ಲ, ತಾನೇ ಆ ಫೈಲು ಮಾಡಿಕೊಂಡರೆ ಅಡ್ಡಿಯಿಲ್ಲ. ಯಾವ ಫೈಲೂ ಇಲ್ಲದೆ ನಿಮ್ಮ ಪರಿವರ್ತಕ ಶುರುವಾಗಬೇಕು. ಮೂಲ ಪಟ್ಟಿ /ಯುಎಸ್‌ಆರ್/ಶೇರ್‌ನಲ್ಲೇ ಇರಲಿ, ಓದುವುದಕ್ಕೆ ಮಾತ್ರ. ಅದನ್ನು ಹೋಮ್‌ಗೆ ಕಾಪಿ ಮಾಡಬೇಡಿ! ಮಾವ ಸೇರಿಸಿದ ಪದ ಮಾತ್ರ ಮಾವನ ಫೈಲಿನಲ್ಲಿರಲಿ. ಓಡುವಾಗ ಎರಡನ್ನೂ ಓದಿ ಕೂಡಿಸಿ. ಆಗ ನೀವು ಮೂಲ ಪಟ್ಟಿಗೆ ನೂರು ಪದ ಸೇರಿಸಿದರೂ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಕೊನೆಗೆ ಒಂದು ಕೊಸರು. ಎಕ್ಸ್‌ಡಿಜಿ ಎಂಬ ಕಟ್ಟುಪಾಡು 2003ರಿಂದ ಇದೆ. ಅದರ ಪ್ರಕಾರ (~ ಅಂದರೆ ಹೋಮ್) ಸೆಟ್ಟಿಂಗ್‌ಗೆ ~/.ಕಾನ್ಫಿಗ್, ಬಳಕೆದಾರರು ಕೂಡಿಟ್ಟದ್ದಕ್ಕೆ ~/.ಲೋಕಲ್/ಶೇರ್, ಮತ್ತೆ ಹುಟ್ಟಿಸಬಹುದಾದ್ದಕ್ಕೆ ~/.ಕ್ಯಾಶ್. ಅಂಕಿ ಯಾವುದು, ಫಾಂಟ್ ಯಾವುದು ಎನ್ನುವುದು ಸೆಟ್ಟಿಂಗ್. ಕಳೆದುಹೋದರೆ ಮಾವ ಎರಡು ನಿಮಿಷದಲ್ಲಿ ಮತ್ತೆ ಆರಿಸುತ್ತಾರೆ. ಎರಡು ವರ್ಷ ಕೂತು ಸೇರಿಸಿದ ಪಟ್ಟಿ ಸೆಟ್ಟಿಂಗ್ ಅಲ್ಲವೇ ಅಲ್ಲ. ಅದು ಮಾವನ ದುಡಿಮೆ. ಅದಕ್ಕೆ .ಕಾನ್ಫಿಗ್ ಕೂಡ ತಪ್ಪು ಜಾಗ, .ಲೋಕಲ್/ಶೇರ್ ಸರಿ. "ಸೆಟ್ಟಿಂಗ್ ಕೆಟ್ಟಿದೆ, .ಕಾನ್ಫಿಗ್ ಅಳಿಸಿ ನೋಡು" ಎಂದು ಯಾರೋ ಒಂದು ದಿನ ಹೇಳಿಯೇ ಹೇಳುತ್ತಾರೆ, ಆಗ ಪಟ್ಟಿ ಬದುಕಿರಬೇಕು. ಜಾಗವನ್ನು ಕೋಡಿನಲ್ಲಿ ಕೆತ್ತಬೇಡಿ, ಪೈಥಾನಿನ ಪ್ಲಾಟ್‌ಫಾರ್ಮ್‌ಡೈರ್ಸ್ ಲೈಬ್ರರಿಯನ್ನು ಕೇಳಿ.

ನೀಲಿ_ಟೋಪಿ:

ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಕಡೆಯವನು. ಡೆಬ್ ಬದಲು ನಮ್ಮ ಆರ್‌ಪಿಎಂ ಆಗಿದ್ದರೆ ಮಾವನಿಗೆ ಪ್ರಶ್ನೆಯೇ ಬರುತ್ತಿರಲಿಲ್ಲ, ಅದು ನಡುವೆ ನಿಲ್ಲಿಸಿ ಕೇಳುವುದಿಲ್ಲ. ಪ್ಯಾಕೇಜ್ ಕಟ್ಟುವ ಸ್ಪೆಕ್ ಫೈಲಿನಲ್ಲಿ ಕಾನ್ಫಿಗ್ ಜೊತೆ ನೋರಿಪ್ಲೇಸ್ ಎಂದು ಬರೆದಿದ್ದರೆ ಹಳೆಯದು ಉಳಿದು ಹೊಸದು .ಆರ್‌ಪಿಎಂನ್ಯೂ ಆಗಿ ಪಕ್ಕದಲ್ಲಿ ಕೂರುತ್ತದೆ. ನೋರಿಪ್ಲೇಸ್ ಬರೆಯದಿದ್ದರೆ ಉಲ್ಟಾ, ಹಳೆಯದು .ಆರ್‌ಪಿಎಂಸೇವ್ ಆಗುತ್ತದೆ. ಆದರೆ ಆ .ಆರ್‌ಪಿಎಂನ್ಯೂ ಫೈಲುಗಳನ್ನು ಯಾರಾದರೂ ತೆರೆದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಅದಿರಲಿ, ಮೇಲಿನವರು ಹೇಳಿದ್ದು ನಮ್ಮಲ್ಲೂ ಅಷ್ಟೇ ಸರಿ.

ಬೆಂದಕಾಳು_ಕೋಡರ್:

ಸರಿ ಸರಿ, ಲೂಪ್ ವಾಪಸ್ ತಗೊಂಡೆ. ನಮ್ಮಲ್ಲಿ ಒಂದು ಯಂತ್ರಕ್ಕೆ ಒಬ್ಬರೇ, ಅದಕ್ಕೆ ಯಾವತ್ತೂ ಕಚ್ಚಿರಲಿಲ್ಲ. ಈ ತಲೆನೋವೆಲ್ಲ ಬಿಟ್ಟು, ಡೆಬ್ ಬದಲು ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಪ್ಯಾಕೇಜ್ ಮಾಡಿದರೆ?

ಹಳೇ_ಟರ್ಮಿನಲ್:

ಮಾಡಬಹುದು, ತಲೆನೋವು ಜಾಗ ಬದಲಿಸುತ್ತದೆ ಅಷ್ಟೇ. ಫ್ಲ್ಯಾಟ್‌ಪ್ಯಾಕ್ ಪ್ರತಿ ಆ್ಯಪ್‌ಗೂ ~/.ವಾರ್/ಆ್ಯಪ್ ಒಳಗೆ ಬೇರೆ ಕೋಣೆ ಕೊಡುತ್ತದೆ. ಎಕ್ಸ್‌ಡಿಜಿ ಜಾಗಗಳನ್ನು ಹೇಳುವ ವೇರಿಯಬಲ್‌ಗಳನ್ನೇ ಅತ್ತ ತಿರುಗಿಸಿಬಿಡುತ್ತದೆ. ಹಾಗಾಗಿ ಜಾಗವನ್ನು ಕೋಡಿನಲ್ಲಿ ಕೆತ್ತದೆ ಇದ್ದರೆ ಒಂದು ಸಾಲೂ ಬದಲಿಸದೆ ಓಡುತ್ತದೆ. ಸ್ನ್ಯಾಪ್‌ನಲ್ಲಿ ಎರಡು ಫೋಲ್ಡರ್. ಒಂದು ಆವೃತ್ತಿಗೊಂದರಂತೆ, ಪ್ರತಿ ರಿಫ್ರೆಶ್‌ಗೂ (ಅಲ್ಲಿ ಅಪ್‌ಡೇಟ್‌ಗೆ ಆ ಹೆಸರು) ಕಾಪಿ ಆಗುತ್ತದೆ. ಇನ್ನೊಂದು ಕಾಮನ್, ಎಲ್ಲ ಆವೃತ್ತಿಗೂ ಒಂದೇ. ಪಟ್ಟಿಯನ್ನು ಮೊದಲನೆಯದರಲ್ಲಿಟ್ಟು, ಒಂದು ದಿನ ಹಳೆಯ ಆವೃತ್ತಿಗೆ ರಿವರ್ಟ್ ಮಾಡಿದರೆ ಪಟ್ಟಿಯೂ ಹಳೆಯ ದಿನಕ್ಕೆ ಹೋಗುತ್ತದೆ. ನಡುವೆ ಸೇರಿಸಿದ ಪದ ಕಾಣುವುದಿಲ್ಲ. ಮತ್ತೆ ಮಾವ ಮಾತು ಬಿಡುತ್ತಾರೆ.

ಸಾಗರದ_ಅಳಿಯ:

ಸಿಕ್ಕಿತು!! ನಿನ್ನೆ ರಾತ್ರಿಯೇ ಬಸ್ಸು ಹತ್ತಿದೆ. ಫೋನಿನಲ್ಲಿ ಮಾವನಿಗೆ ಟರ್ಮಿನಲ್ ಹೇಳಿಕೊಡುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಪ್ರೆಸ್ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದೆ. .ಡಿಪಿಕೆಜಿ-ಓಲ್ಡ್ ಫೈಲು ಅಲ್ಲೇ ಇತ್ತು. 412 ಪದ. ಹಳೇ_ಟರ್ಮಿನಲ್ ಅವರೇ, ನೀವು ಸಾಗರಕ್ಕೆ ಬಂದರೆ ಜೋಗ ನನ್ನ ಖರ್ಚು. ಪರ್ಜ್ ಮಾಡುವ ಯೋಚನೆ ನಿಜವಾಗಿಯೂ ಇತ್ತು, ಇಲ್ಲಿ ಕೇಳುವ ಹಿಂದಿನ ದಿನ ಕರೆಂಟು ಹೋಗಿ ತಪ್ಪಿತು. ಮತ್ತೆ ಹೌದು, ನಾಲ್ಕನೇ ಆವೃತ್ತಿಯಲ್ಲಿ ನಾನೇ 12 ಪದ ಸೇರಿಸಿದ್ದೆ.

ಆದರೆ ಅಲ್ಲಿಗೆ ಹೋದ ಮೇಲೆ ಹೊಸ ತೊಡಕು ಕಂಡಿತು. ಆ ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇವೆ. ಒಂದು ಮಾವನದ್ದು, ಇನ್ನೊಂದು ಡಿಟಿಪಿ ಮಾಡುವ ಹುಡುಗಿಯದ್ದು. ಪದ ಜಾಸ್ತಿ ಸೇರಿಸುವುದು ಅವಳೇ ಅಂತೆ. ಪಟ್ಟಿ ಮಾವನ ಹೋಮ್‌ನಲ್ಲಿಟ್ಟರೆ ಅವಳಿಗೆ ಸಿಗುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಆದರೆ ಅರ್ಥವಿಲ್ಲ. ಈಗ?

ಇನ್ನೊಂದು. ಹೊಸ ಆವೃತ್ತಿ ಹಾಕುವಾಗ /ಎಟ್ಸಿಯಲ್ಲಿ ಇರುವ ಪಟ್ಟಿಯನ್ನು ಹೇಗೆ ಸಾಗಿಸುವುದು?

ಹಳೇ_ಟರ್ಮಿನಲ್:

412! ಬಹಳ ಸಂತೋಷ.

ಸಾಗಿಸುವುದು ಮೊದಲು. ಹಳೆಯ ಫೈಲಿಗೆ ಮೊದಲಿನ ಹೆಸರು ವಾಪಸ್ ಕೊಡಿ. ಹೊಸ ಪ್ಯಾಕೇಜಿನಲ್ಲಿ ಆ ಕಾನ್ಫ್‌ಫೈಲ್ ಇಲ್ಲದಿದ್ದರೂ ಡಿಪಿಕೆಜಿ ಅದನ್ನು ಡಿಸ್ಕಿನಿಂದ ಅಳಿಸುವುದಿಲ್ಲ, ಅನಾಥವಾಗಿ ಬಿಟ್ಟಿರುತ್ತದೆ. ನಿಮಗೆ ಅದೇ ಬೇಕು. ಪ್ರೋಗ್ರಾಮ್ ಶುರುವಾದಾಗ ಹೊಸ ಜಾಗದಲ್ಲಿ ಪಟ್ಟಿ ಇಲ್ಲ, ಹಳೆಯ ಜಾಗದಲ್ಲಿ ಇದೆ ಎಂದಾದರೆ ಕಾಪಿ ಮಾಡಿಕೊಳ್ಳಲಿ. ಮೂವ್ ಅಲ್ಲ, ಕಾಪಿ. ಎಲ್ಲೋ ಓದಿ, ಹಳೆಯ ಕಾನ್ಫ್‌ಫೈಲ್ ತೆಗೆಯುವ ಆರ್‌ಎಂ_ಕಾನ್ಫ್‌ಫೈಲ್ ಎಂಬುದನ್ನು ಈ ಆವೃತ್ತಿಯಲ್ಲೇ ಹಾಕಲು ಹೋಗಬೇಡಿ. ಬದಲಾದ ಫೈಲನ್ನು ಅದು .ಡಿಪಿಕೆಜಿ-ಬ್ಯಾಕ್ ಎಂದು ಹೆಸರು ಬದಲಿಸುತ್ತದೆ, ಆಮೇಲೆ ನಿಮ್ಮ ಪ್ರೋಗ್ರಾಮ್ ಹಳೆಯ ಹೆಸರು ಹುಡುಕಿ ಬರಿಗೈಯಲ್ಲಿ ಬರುತ್ತದೆ. ಗುಡಿಸುವ ಕೆಲಸ ಮುಂದಿನ ಆವೃತ್ತಿಗೆ ಇರಲಿ.

ಇಬ್ಬರ ಪಟ್ಟಿ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರುಗಳನ್ನು ಬೇರೆಯವರು ಓದಲೂ ಬರುವುದಿಲ್ಲ. ಆದ್ದರಿಂದ ಒಬ್ಬರ ಹೋಮ್‌ನಲ್ಲಿಟ್ಟು ಇನ್ನೊಬ್ಬರಿಗೆ ದಾರಿ ಕೊರೆಯುವುದು ಬೇಡ. ಶಾಸ್ತ್ರದ ಪ್ರಕಾರ /ವಾರ್/ಲಿಬ್ ಒಳಗೊಂದು ಫೋಲ್ಡರ್ ಮಾಡಬಹುದು. ನಾನಾದರೆ ಹಾಗೂ ಮಾಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಜಾಸ್ತಿ ಇಡಿ: "ಪಟ್ಟಿ ಎಲ್ಲಿದೆ". ಏನೂ ಬರೆಯದಿದ್ದರೆ .ಲೋಕಲ್/ಶೇರ್. ಬರೆದರೆ ಅಲ್ಲಿ. ಪ್ರೆಸ್ಸಿನಲ್ಲಿ ಇಬ್ಬರೂ ತೆರೆಯುವ ಒಂದು ಫೋಲ್ಡರ್ ಹೇಗೂ ಇರುತ್ತದಲ್ಲ, ಕೆಲಸದ ಫೈಲುಗಳಿಗೆ? ಅದನ್ನೇ ಕೊಡಿ. ಆ ಫೋಲ್ಡರಿಗೆ ಇಬ್ಬರೂ ಇರುವ ಒಂದು ಗುಂಪು ಮಾಡಿ ಸೆಟ್‌ಜಿಐಡಿ ಬಿಟ್ ಹಾಕಿ, ಆಗ ಒಳಗೆ ಹುಟ್ಟುವ ಫೈಲೂ ಆ ಗುಂಪಿನದ್ದೇ ಆಗುತ್ತದೆ. ಇಲ್ಲದಿದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲು ಬರದೆ ಇನ್ನೊಂದು ಪ್ರಶ್ನೆ ಹಾಕಬೇಕಾಗುತ್ತದೆ.

ಸಾಗರದ_ಅಳಿಯ:

ಮಾವನ ಮುಂದೆ ಇದನ್ನೆಲ್ಲ ವಿವರಿಸಿದೆ. .ಲೋಕಲ್ ಎಂಬ ಫೋಲ್ಡರ್ ತೋರಿಸಲು ಹೋದರೆ ಕಾಣಲೇ ಇಲ್ಲ, ಕಂಟ್ರೋಲ್ ಎಚ್ ಒತ್ತಿದ ಮೇಲೆ ಬಂತು. "ಚುಕ್ಕೆ ಇಟ್ಟು ಬಚ್ಚಿಡೋದ್ಯಾಕೆ? ಕಳ್ಳಮಾಲಾ?" ಎಂದರು. ಹಳೆಯ ಯೂನಿಕ್ಸ್‌ನಲ್ಲಿ ಒಂದು ಚುಕ್ಕೆ, ಎರಡು ಚುಕ್ಕೆಯ ಹೆಸರುಗಳನ್ನು (ಇದೇ ಫೋಲ್ಡರ್, ಅದರ ಮೇಲಿನ ಫೋಲ್ಡರ್) ಫೈಲು ತೋರಿಸುವ ಎಲ್‌ಎಸ್ ಆಜ್ಞೆಯ ಪಟ್ಟಿಯಿಂದ ಬಿಡಲು ಹೋಗಿ, ಚುಕ್ಕೆಯಿಂದ ಶುರುವಾಗುವ ಎಲ್ಲವೂ ಮರೆಯಾದವು ಎಂದು ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದದ್ದನ್ನು ಹೇಳಿದೆ. "ಅಂದ್ರೆ ಅವರದ್ದೂ ಮಿಸ್ಟೇಕೇ" ಎಂದು ನಕ್ಕರು. ಮಾತು ಶುರುವಾಯಿತು, ನನಗೆ ಅಷ್ಟು ಸಾಕಿತ್ತು.

ಅವರು ಆರಿಸಿದ ಜಾಗ: ಎರಡನೇ ಡಿಸ್ಕಿನಲ್ಲಿರುವ "ಕೆಲಸ" ಫೋಲ್ಡರ್. ಶನಿವಾರ ಸಂಜೆ ಹೇಗೂ ಅದನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ಪಟ್ಟಿ ಅಲ್ಲಿದ್ದರೆ ಅದೂ ಜೊತೆಗೆ ಹೋಗುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಗುಂಪು ಮಾಡಿ, ಇಬ್ಬರ ಲಾಗಿನ್‌ನಿಂದಲೂ ಒಂದೊಂದು ಪದ ಸೇರಿಸಿ ನೋಡಿದೆ, ಸರಿ ಇದೆ. ಹೊಸ ಡೆಬ್ ಹಾಕಿದಾಗ ಟರ್ಮಿನಲ್ ಏನೂ ಕೇಳಲಿಲ್ಲ. ಮಾವ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು, ಕೇಳದ್ದಕ್ಕೆ ಸ್ವಲ್ಪ ಬೇಜಾರೇ ಆದ ಹಾಗಿತ್ತು.

ಕಾಪಿ ಆದ ಪಟ್ಟಿಯನ್ನು ಡಿಟಿಪಿ ಹುಡುಗಿ ಮೇಲಿನಿಂದ ಓದುತ್ತಾ ಬಂದಳು. ಮಾವ ಸೇರಿಸಿದ ಮೊದಲ ಪದ ಬಿಕಾಂ. ನನ್ನದೇ ಲಗ್ನಪತ್ರಿಕೆಯದ್ದು.